ಕಾಶವ್ವನ ನಡಿಗೆಯೂ ಮೂರೂರ ಹಂಚುಮನೆಯೂ

ಜೋಡುಕೆರೆ ಜಿಲ್ಲೆ
ಫೆಬ್ರವರಿ ೩೦, ೨೪೧೭

ಯಾವುದೋ ಊರಿನಲ್ಲಿ ಸಮುದಾಯ ಭವನಕ್ಕೆ ಜಾಗ ಹುಡುಕುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ, ನಮ್ಮ ಪಂಚಾಂಗದಲ್ಲಿ ಆ ದಿನ ಇದೆ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಬರವಣಿಗೆ ಕಲಿತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನನ್ನ ಹೆಸರು ಇಂದುಧರ, ಈ ಜಿಲ್ಲೆಯ ಹೊಂದಿಕೆಗಾರ. ಯಾವ ಸೌಲಭ್ಯ ಎಲ್ಲಿರಬೇಕು, ಯಾವ ಊರು ಯಾವ ಊರಿನೊಡನೆ ಹಂಚಿಕೊಳ್ಳಬೇಕು ಎಂದು ಹೊಂದಿಸುವುದು ನನ್ನ ಕೆಲಸ.

ನಿಮ್ಮಲ್ಲಿ ಊರಿಗೊಂದು ಭವನ, ಭವನಕ್ಕೊಂದು ಬೀಗ ಇತ್ತಂತೆ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಮಾತ್ರ ಯಾರಿಗೂ ಗೊತ್ತಿರುತ್ತಿರಲಿಲ್ಲವಂತೆ. ನಮ್ಮಲ್ಲಿ ಅಕ್ಕಪಕ್ಕದ ಮೂರು ಊರಿಗೆ ಒಂದು ಹಂಚುಮನೆ. ವೈದ್ಯರ ಕೋಣೆ, ಪುಸ್ತಕಗಳು, ಕೂಸುಗಳ ತೊಟ್ಟಿಲು, ಹಾಡುವ ಪಡಸಾಲೆ ಎಲ್ಲವೂ ಒಂದೇ ಸೂರಿನಡಿ. ಇಂಥ ನೂರ ನಲವತ್ತು ಮನೆಗಳಿವೆ. ಒಂದಕ್ಕೆ ಈಜುಕೊಳ ಸೇರಿದರೆ ಪಕ್ಕದ್ದಕ್ಕೆ ಮಗ್ಗದ ಶಾಲೆ, ಅದರಾಚೆಯದಕ್ಕೆ ನಾಟಕದ ರಂಗ. ಬೆಳಿಗ್ಗೆ ಗುಡ್ಡ ಹತ್ತಿ ನಿಂತರೆ, ಒಂದೂರಿನ ಮಕ್ಕಳು ಈಜಲು ಇನ್ನೊಂದೂರಿಗೆ, ಆ ಊರಿನವರು ನೂಲು ಹಿಡಿದು ಮತ್ತೊಂದೂರಿಗೆ ಹೋಗುವುದು ಕಾಣುತ್ತದೆ. ಇಪ್ಪತ್ತೆರಡು ವರ್ಷಗಳಿಂದ ನೋಡುತ್ತಿದ್ದೇನೆ, ಇಂದಿಗೂ ಮೈ ಜುಮ್ಮೆನ್ನುತ್ತದೆ.

ಹಂಚುಮನೆಗೆ ಜಾಗ ಗೊತ್ತುಮಾಡುವ ಪದ್ಧತಿಗೆ ನಿಧಾನನಡೆ ಎನ್ನುತ್ತೇವೆ. ಪ್ರತಿ ಊರಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ತಮ್ಮ ಹೊಸ್ತಿಲು ದಾಟಿ ಅರ್ಧ ಗಂಟೆಯೊಳಗೆ ಆ ಜಾಗ ಮುಟ್ಟಬೇಕು. ವಾಹನಗಳಿಗೇನೂ ಕೊರತೆಯಿಲ್ಲ. ಆದರೆ ಯಾರನ್ನೂ ಕರೆಯದೆ, ಯಾರಿಗೂ ಕಾಯದೆ, ಮನಸ್ಸು ಬಂದಾಗ ಎದ್ದು ಹೋಗುವಂತಿರಬೇಕು ಎನ್ನುತ್ತದೆ ನಮ್ಮ ಕಾನೂನು.

ಹುಲಿಗುಡ್ಡ, ಮುದ್ದನಾಳ, ಕರೇಕಲ್ಲು ಈ ಮೂರೂರಿನ ಹಂಚುಮನೆಗೆ ಜಾಗ ನೋಡುವಾಗ, ಹುಲಿಗುಡ್ಡದಿಂದ ತೊಂಬತ್ತೊಂದು ವರ್ಷದ ಕಾಶವ್ವ ಹೂಗಾರ ಅವರನ್ನು ಆರಿಸಿದೆ. ಅವರು ಇಳಕಲ್ ಸೀರೆ ಉಟ್ಟು, ತಲೆಯೆತ್ತಿ, ಇಪ್ಪತ್ತಾರೇ ನಿಮಿಷಕ್ಕೆ ಬಂದು ನಿಂತರು. ಜನ ಚಪ್ಪಾಳೆ ತಟ್ಟಿದರು. ಅಲ್ಲೇ ಮನೆ ಎದ್ದಿತು. ಎದ್ದು ಆರು ತಿಂಗಳಾದರೂ ಕಾಶವ್ವ ಅದರ ಮೆಟ್ಟಿಲು ಹತ್ತಲಿಲ್ಲ. ಮೂರೂರಿಗೆ ಹಾಡು ಕಲಿಸಿದವರು ಅವರು. ಸೊಸೆ, ಮೊಮ್ಮಗಳು ಹಾಡಲು ಹೊರಟರೆ ತಾವು ಬಾಗಿಲ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

ಯಾಕೆಂದು ಕೇಳಲು ಹೋದೆ. "ಆವತ್ತ ಮೂರೂರ ಮಂದಿ ನಿಂತು ನೋಡಾಕತ್ತಿತ್ತಪ್ಪಾ. ಅವರ ಮುಂದ ಕುಂಟ್ಕೋತ ಬರ್ಲೇನು?" ಎಂದರು. ಪರೀಕ್ಷೆಯೆಂದು ತಿಳಿದು ಒಂದು ತಿಂಗಳು ಹಿತ್ತಲಿನಲ್ಲಿ ನಡೆದು ಅಭ್ಯಾಸ ಮಾಡಿದ್ದರಂತೆ! ನನಗೆ ನಗುವೂ ಬಂತು, ಅಳುವೂ ಬಂತು.

ಕಟ್ಟಿದ ಹಂಚುಮನೆಯನ್ನು ಸರಿಸಬೇಕಾದರೆ ಮೂರೂ ಊರು ಒಪ್ಪಬೇಕು. ಒಂದು ಊರು ಬೇಡವೆಂದರೂ ಮುಂದಿನ ಅರವತ್ತು ವರ್ಷ ಆ ಮಾತೆತ್ತುವಂತಿಲ್ಲ. ಕಾಶವ್ವನ ಪಾಲಿಗೆ ಅದು ಎಂದೆಂದಿಗೂ ಇಲ್ಲ ಎಂದಂತೆಯೇ. ಮುದ್ದನಾಳದವರು ಹೂಂ ಎಂದರು, ಅವರಿಗೆ ಎಲ್ಲಿದ್ದರೂ ಒಂದೇ. ಆದರೆ ಹುಲಿಗುಡ್ಡದತ್ತ ಸರಿಸಿದರೆ ಕರೇಕಲ್ಲಿನವರಿಗೆ ಆರುನೂರು ಹೆಜ್ಜೆ ದೂರವಾಗುತ್ತಿತ್ತು. ತಪ್ಪು ನನ್ನದು, ಸವೆಯುವುದು ಅವರ ಕಾಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಅವರ ಸಭೆಯಲ್ಲಿ ನಿಂತು ತಪ್ಪೊಪ್ಪಿಕೊಂಡೆ. ಆಮೇಲೆ ಬಡಗಿ ಕೆಲಸದ ನಿಂಗವ್ವ ಎದ್ದು ಸೆರಗು ಸಿಕ್ಕಿಸಿಕೊಂಡರು. "ನಮ್ಮೂರಾಗ ಕಾಲಿಗೇನು ಬರ ಬಂದೈತೇನು? ನಡೀರಿ, ಗ್ವಾಡಿ ಬಿಚ್ಚೂಣು."

ನಮ್ಮ ಗೋಡೆಗಳು ಕಳಚಿ ಜೋಡಿಸುವಂಥವು. ಆದರೂ ಹತ್ತೊಂಬತ್ತು ದಿನ ಹಿಡಿಯಿತು. ಮೂರೂರ ಜನ ಸಾಲಾಗಿ ನಿಂತು ಗೋಡೆಯ ಹಲಗೆಗಳನ್ನು, ಪುಸ್ತಕಗಳನ್ನು, ತೊಟ್ಟಿಲುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಬ್ಬ ಮುದುಕಿ ಹಾಡಲು ಬರಲಿ ಎಂದು! ದಿನವೂ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದವರು ಕರೇಕಲ್ಲಿನವರು. ನಾನು ನಕ್ಷೆ ಹಿಡಿದು ಬೆಪ್ಪನಂತೆ ನಿಂತಿದ್ದೆ. ಇಂಥವರ ನಡುವೆ ಹುಟ್ಟಿದೆನಲ್ಲ ಎಂದು ಕಣ್ಣು ತುಂಬಿ ಬಂತು.

ನಿಮ್ಮಲ್ಲಿ ಒಂದೇ ಬೇಡಿಕೆ. ಜಾಗ ಗೊತ್ತುಮಾಡುವಾಗ ಜನ ಬರುವ ನಡಿಗೆಯನ್ನು ಅಳೆಯಬೇಡಿ, ಮನೆಗೆ ಮರಳುವ ನಡಿಗೆಯನ್ನು ಅಳೆಯಿರಿ. ಇಪ್ಪತ್ತಾರು ನಿಮಿಷಕ್ಕೆ ನಡೆದು ಬಂದ ಆ ದಿನ, ಚಪ್ಪಾಳೆಯೆಲ್ಲ ಮುಗಿದು ನಾವೆಲ್ಲ ಊಟಕ್ಕೆ ಕುಳಿತಾಗ ಕಾಶವ್ವ ಸದ್ದಿಲ್ಲದೆ ಹೊರಟರಂತೆ. ಜೊತೆಗೆ ಬರುತ್ತೇನೆಂದ ಮೊಮ್ಮಗಳನ್ನು ಉಂಡು ಬಾ ಎಂದು ಗದರಿದರಂತೆ. ಮನೆ ಮುಟ್ಟಲು ಎರಡು ಗಂಟೆ ಹಿಡಿಯಿತು. ದಾರಿಯಲ್ಲಿ ಒಂಬತ್ತು ಕಡೆ ಕುಳಿತರು. ನಾನು ಎಲೆಯ ಮುಂದೆ ಕುಳಿತು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದೆ.

ಮುಂದೊಮ್ಮೆ ನಿಮ್ಮವನಾಗಲಿರುವ,
ಇಂದುಧರ