ಎಡಬದಿಯ ಹಗ್ಗ

ಸಕ್ವಾ,
ಸೋಮವಾರ, 11 ಆಗಸ್ಟ್ 2014

ಸೆಮೆ ಊರಿನ ಮಗಳು ಯೂನಿಯಾಳಿಗೆ,

ನೀನು ಕ್ಷೇಮವೆಂದು ನಮ್ಮ ಮಗ ಒಡೆರಾ ಹೇಳಿದ್ದಾನೆ. ನಾನೂ ಕ್ಷೇಮ. ನಕುರುವಿಗೆ ಬರುತ್ತಿರುವ ಅವನ ಕೈಯಲ್ಲೇ ಈ ಪತ್ರ ಕಳುಹಿಸುತ್ತಿದ್ದೇನೆ. ಇದರಲ್ಲೇನಿದೆಯೆಂದು ಅವನಿಗೆ ಗೊತ್ತಿಲ್ಲ, ಅವನನ್ನು ಕೇಳಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ತಪಾಸಣಾ ವರದಿ ಓದಿದಂತೆ ಮಾತನಾಡುತ್ತೇನೆಂದು ನೀನೇ ಒಮ್ಮೆ ಹೇಳಿದ್ದೆ.

ಕೇಳಬೇಕಾದುದನ್ನು ಮೊದಲೇ ಕೇಳಿಬಿಡುತ್ತೇನೆ. ಇದೇ ಇಪ್ಪತ್ಮೂರರ ಶನಿವಾರ, ಸೂರ್ಯ ಹುಟ್ಟುವ ಮೊದಲು, ಮನೆ ಹೂಡುವ ಶಾಸ್ತ್ರಕ್ಕೆ ನೀನು ಸಕ್ವಾದ ನಮ್ಮ ಜಮೀನಿಗೆ ಬರಬೇಕು. ಚಿಕ್ಕಪ್ಪ ನ್ಯಾಂಗ್ವೆಸೊ ಕೊಡಲಿ ಹಿಡಿದು ಮುಂದೆ ನಡೆಯುತ್ತಾರೆ. ಒಡೆರಾ ಹುಂಜವನ್ನು ಹಿಡಿದಿರುತ್ತಾನೆ. ಕೆಂಡದ ಮಡಕೆ ನಿನ್ನ ಕೈಯಲ್ಲಿರಬೇಕು. ಸಂಜೆಯೊಳಗೆ, ಶಾಸ್ತ್ರದ ಮೊದಲ ಮನೆಯಾಗಿ, ತಗಡಿನದೊಂದು ಏಳುತ್ತದೆ. ಅದರಲ್ಲಿ ನೀನು ಒಲೆ ಹಚ್ಚಿ ಒಂದು ರಾತ್ರಿ ಇದ್ದರೆ ಸಾಕು. ಮರುದಿನ ನಕುರುವಿಗೆ ಮರಳುವೆನೆಂದರೆ ಯಾರೂ ತಡೆಯುವುದಿಲ್ಲ. ನಾನೂ ತಡೆಯುವುದಿಲ್ಲ.

ಇದನ್ನು ಏಪ್ರಿಲ್‌ನಲ್ಲೇ ಕೇಳಬೇಕಿತ್ತು. ಕೇಳದೆ ಒಂದು ತಪ್ಪು ಮಾಡಿದೆ. ಸಂಜೆಗೆ ಎದ್ದು ಆರು ತಿಂಗಳಿಗೆ ಕೆಡವಿಸಿಕೊಳ್ಳುವ ತಗಡಿನ ಮನೆಗೆ ಒಳ್ಳೆಯ ಮರ ಏಕೆ ಹಾಳು ಮಾಡಬೇಕೆಂದುಕೊಂಡು, ನೇರವಾಗಿ ದೊಡ್ಡ ಮನೆಯ ಪಾಯವನ್ನೇ ಅಗೆಸಿದೆ. ದಾರ ಕಟ್ಟಿ, ಮಟ್ಟ ನೋಡಿ, ಮೂಲೆಗಳು ಒಂದು ಕೂದಲೆಳೆಯೂ ವಾಲದಂತೆ ಅಗೆಸಿದೆ. ಮೂರನೆಯ ದಿನ ಚಿಕ್ಕಪ್ಪ ಬಂದು ಮರಳಿನ ಗುಡ್ಡೆಯ ಮೇಲೆ ಕುಳಿತರು.

“ಚೆನ್ನಾಗಿ ಅಗೆಸಿದೀಯ. ಬೆಂಕಿ ತರೋಳು ಎಲ್ಲಿ?” ಎಂದರು.

ಮನೆ ಮುಗಿಯಲಿ, ಬರುತ್ತಾಳೆ ಎಂದೆ.

“ಮನೆ ಅಂದ್ರೆ ಸಿಮೆಂಟು ಅಂದ್ಕೊಂಡಿದೀಯ ಮಗನೇ? ಹೆಂಡ್ತಿ ಇಲ್ದೆ ಗಂಡಸು ತೋಡಿಸಿದ ಗುಂಡಿಗೆ ನಮ್ಮಲ್ಲಿ ಒಂದೇ ಹೆಸರು. ಅದನ್ನ ನನ್ನ ಬಾಯಿಂದ ಹೇಳಿಸ್ಬೇಡ.”

ಅಂದೇ ಮುಚ್ಚಿಸಿದೆ. ಮೇಸ್ತ್ರಿ ಒಂಬೊಗೊ ಮಣ್ಣು ತಳ್ಳುತ್ತ, “ಹದಿನೆಂಟು ವರ್ಷದಿಂದ ಗಾರೆ ಕೆಲ್ಸ ಮಾಡ್ತಿದೀನಿ. ತೆಗೆದಿದ್ದನ್ನೇ ಮುಚ್ಚಿಸೋಕೆ ಕರೆದೋರು ನೀವೊಬ್ರೇ, ಇಂಜಿನಿಯರೇ” ಎಂದ. ನಾನು ನಗಲಿಲ್ಲ. ಮುಚ್ಚಿದ ಮಣ್ಣು ಮಳೆಗೆ ಕುಸಿದು, ಈಗ ಆ ಮನೆಯ ಗುರುತು ಹುಲ್ಲಿನಲ್ಲಿ ಚೌಕಟ್ಟಾಗಿ ಉಳಿದಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ.

ಅಂದಿನಿಂದ ನಕ್ಷೆಯ ಒಂದೊಂದು ಗೆರೆಯ ಮೇಲೂ ನನಗೆ ಅನುಮಾನ. ಅಡುಗೆಮನೆಯ ಕಿಟಕಿಯನ್ನು ಮೊದಲು ಸರೋವರದ ಕಡೆಗೆ ಇಟ್ಟಿದ್ದೆ. ಗಾಳಿ ಒಲೆಗೆ ಹೊಡೆಯುತ್ತದೆಂದು ಪೂರ್ವಕ್ಕೆ ತಿರುಗಿಸಿದೆ. ಬಾಗಿಲು ತಟ್ಟಿದವರು ಯಾರೆಂದು ಕಾಣದ ಅಡುಗೆಮನೆ ಸೆರೆಮನೆ ಎಂದು ನೀನು ಹೇಳುತ್ತಿದ್ದುದು ನೆನಪಾಗಿ ಅಂಗಳದ ಕಡೆಗೆ ತಂದೆ. ಈಗ ಅದೂ ಸರಿಯೆನಿಸುತ್ತಿಲ್ಲ. ಇಪ್ಪತ್ತಾರು ವರ್ಷ ಪರರ ಮನೆಗಳ ನಕ್ಷೆ ನೋಡಿ ಸರಿ, ತಪ್ಪು ಎಂದು ಕುಳಿತಲ್ಲೇ ಬರೆದವನು ನಾನು.

ಮುಂಬಾಗಿಲ ವಿಷಯವನ್ನೂ ಬರೆಯಬೇಕು. ಜಮೀನು ಇಳಿಜಾರು, ಬಾಗಿಲಿಗೆ ನಾಲ್ಕು ಮೆಟ್ಟಿಲು ಬರುತ್ತವೆ. ಮೆಟ್ಟಿಲು ಅಳಿಸಿ, ಮೆಲ್ಲಗೆ ಏರುವ ನುಣುಪಾದ ಓರೆದಾರಿ ಬರೆದೆ. ಒಂಬೊಗೊ ನೋಡಿ, ಇದು ಯಾರಿಗೆ ಎಂದು ಕೇಳಿದ. ಸಾಮಾನು ಒಳಗೆ ಸಾಗಿಸಲು ಎಂದೆ. ಅವನು ಹೋದ ಮೇಲೆ ಓರೆದಾರಿಯನ್ನು ಅಳಿಸಿ ಮತ್ತೆ ಮೆಟ್ಟಿಲು ಬರೆದೆ. ಅದನ್ನು ಉಳಿಸಿಕೊಂಡಿದ್ದರೆ ಯಾರಿಗೆ ಎಂಬುದನ್ನು ಹೇಳಬೇಕಾಗುತ್ತಿತ್ತು. ಏಕೆ ಎಂಬುದನ್ನೂ.

ಶನಿವಾರದ ಒತ್ತಡ ನನ್ನದಲ್ಲ, ತಮ್ಮನದು. ಹಿರಿಯನಾದ ನಾನು ಊರಿನಲ್ಲಿ ಮನೆ ಹೂಡದೆ ಒಯೂಗಿ ತನ್ನ ಮನೆ ಹೂಡುವಂತಿಲ್ಲ. ಅವನಿಗೆ ನಲವತ್ತಾರು. ಹೋದ ತಿಂಗಳು ಬಂದವನು ಕೂರಲೂ ಇಲ್ಲ. “ಅಣ್ಣಾ, ನನ್ನ ಮಗನಿಗೇ ಗಡ್ಡ ಬಂತು. ನಾನಿನ್ನೂ ಅಪ್ಪನ ಅಂಗಳದ ಹುಡುಗರ ಗುಡಿಸಲಲ್ಲಿ ಮಲಗ್ತಿದೀನಿ. ನಿನ್ನ ನಕ್ಷೆ ಮುಗಿಯೋದ್ರೊಳಗೆ ನಾನು ಮುಗೀತೀನಿ” ಎಂದ. ಅವನು ಹೋದ ಮೇಲೆ ಚಿಕ್ಕಪ್ಪ ಇನ್ನೊಂದು ದಾರಿ ತಂದರು. ಆಚೆ ಊರಿನಲ್ಲಿ ಒಬ್ಬ ವಿಧವೆ ಇದ್ದಾಳಂತೆ. “ಒಲೆ ಹಚ್ಚೋಕೆ ಕೈ ಬೇಕು. ಆ ಕೈ ಬರ್ದಿದ್ರೆ ಈ ಕೈ” ಎಂದರು. ಇಪ್ಪತ್ಮೂರು ಅವರು ಇಟ್ಟ ದಿನ. ಮೊದಲ ಬೆಂಕಿ ತಂದವಳೇ ಆ ಅಂಗಳದ ಹಿರಿಯ ಹೆಂಡತಿ. ಆಮೇಲೆ ನೀನು ಯಾವಾಗ ಬಂದರೂ ನಿನ್ನ ಬಾಗಿಲು ಹೆಬ್ಬಾಗಿಲಿಗೆ ಎದುರಾಗಿರುವುದಿಲ್ಲ, ನಿನ್ನ ಸಮಾಧಿಯೂ ಹಿರಿಯ ಹೆಂಡತಿಯ ಜಾಗದಲ್ಲಿರುವುದಿಲ್ಲ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಇಲ್ಲಿಯವರೆಗೆ ಬರೆದುದನ್ನು ಎರಡು ಬಾರಿ ಬರೆದು ಇಲ್ಲಿಗೇ ನಿಲ್ಲಿಸಿ ಹರಿದಿದ್ದೇನೆ. ಮುಂದಿನದು ಇಲ್ಲದಿದ್ದರೆ ಮೇಲಿನದನ್ನು ಕೇಳುವ ಹಕ್ಕು ನನಗಿಲ್ಲ.

ಕಿಸುಮು ಪಟ್ಟಣದಲ್ಲಿ ನಾನು ಕಟ್ಟಿಸಿದ ಮನೆಗೆ ನಾವು ಕೆಲಸ ಮುಗಿಯುವ ಮೊದಲೇ ಹೋದೆವು. ಮಹಡಿಯ ಮೆಟ್ಟಿಲಿಗೆ ರೇಲಿಂಗ್ ಇರಲಿಲ್ಲ. ನಾನು ಹೇಳಿದ ಅಳತೆಯ ಕೊಳವೆ ನೈರೋಬಿಯಿಂದ ಬರಬೇಕಿತ್ತು. ಅಲ್ಲಿಯವರೆಗೆ ಒಂದು ಗಳು ಕಟ್ಟಿಸು ಎಂದು ನೀನು ಕೇಳಿದೆ. ತಾತ್ಕಾಲಿಕವಾಗಿ ಕಟ್ಟಿದ್ದು ಕೊನೆಗೆ ಅಲ್ಲೇ ಉಳಿಯುತ್ತದೆ ಎಂದೆ. ಎರಡನೆಯ ಬಾರಿ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಬಾರಿ ನೀನು ಕೇಳಲಿಲ್ಲ. ನೀಲಗಿರಿಯ ಗಳುವೊಂದನ್ನು ನೀನೇ ತಂದು ಗೋಡೆಗೆ ಒರಗಿಸಿಟ್ಟಿದ್ದೆ. ಹೊಸ ಸುಣ್ಣಕ್ಕೆ ಗೀರು ಬೀಳುತ್ತದೆಂದು ಅದನ್ನು ಹಿತ್ತಲಿಗೆ ಹಾಕಿದವನು ನಾನು. ಆ ವಾರವೇ, ಗುರುವಾರ ಬೆಳಿಗ್ಗೆ, ಎರಡೂ ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದು ಇಳಿಯುವಾಗ ನೀನು ಬಿದ್ದೆ.

ಹೇಗೆ ಬಿದ್ದಳೆಂದು ಆಸ್ಪತ್ರೆಯಲ್ಲಿ ಕೇಳಿದಾಗ ಮೆಟ್ಟಿಲು ಒದ್ದೆಯಾಗಿತ್ತು, ಅವಳೇ ಒರೆಸಿದ್ದಳು ಎಂದೆ. ನಿನ್ನಣ್ಣಂದಿರಿಗೂ ಹಾಗೆಯೇ ಹೇಳಿದೆ. ನೀನು ಎಚ್ಚರವಾಗಿದ್ದೆ. ಕೇಳಿಸಿಕೊಂಡು ಮುಖವನ್ನು ಗೋಡೆಗೆ ತಿರುಗಿಸಿದೆ.

ಮೆಟ್ಟಿಲು ಒಣಗಿತ್ತು. ಅಂದೇ ಸಂಜೆ ಮನೆಗೆ ಬಂದು ಹದಿನಾಲ್ಕು ಮೆಟ್ಟಿಲುಗಳನ್ನೂ ಅಂಗೈಯಿಂದ ಮುಟ್ಟಿ ನೋಡಿದೆ. ಚೆಲ್ಲಿದ ಬಟ್ಟೆಗಳನ್ನೂ ಮುಟ್ಟಿ ನೋಡಿದೆ. ಎಲ್ಲಿಯಾದರೂ ಒಂದು ಹನಿ ಸಿಕ್ಕೀತೆಂದು ಹುಡುಕಿದೆ. ಹುಡುಕಿದ್ದು ಸುಳ್ಳು ಹೇಳಿದ ಮೇಲೆ ಎಂಬುದನ್ನು ಗಮನಿಸು.

ಒಂಬತ್ತು ದಿನಗಳ ನಂತರ ಕೊಳವೆ ಬಂತು, ಕೂಡಿಸಿದೆ. ಐದು ತಿಂಗಳ ನಂತರ, ಮನೆ ಬಿಟ್ಟು ಹೊರಟ ದಿನ, ಊರುಗೋಲು ಹಿಡಿದು ಬಾಗಿಲಲ್ಲಿ ನಿಂತು ನೀನು, “ನಿನ್ನ ಮನೇಲಿ ಹಿಡ್ಕೊಳ್ಳೋಕೆ ಏನೂ ಇಲ್ಲ” ಎಂದೆ. ಈಗ ಹಾಕಿಸಿದ್ದೇನಲ್ಲ ಎಂದು ನಾನು ರೇಲಿಂಗ್ ತೋರಿಸಿದೆ. ಏಳು ವರ್ಷಗಳಿಂದ ಆ ಉತ್ತರವನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ.

ನಿನ್ನೆ ಭಾನುವಾರ ಸೆಮೆಗೆ ಹೋಗಿದ್ದೆ. ನಿನ್ನಣ್ಣ ಒಬೀರೊ ಮಾವಿನ ಮರದಡಿಯಲ್ಲಿ ಬಲೆ ಹೊಲಿಯುತ್ತಿದ್ದ. ಕೂರಲು ಹೇಳಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದೆ. ಅವನು ಸೂಜಿ ನಿಲ್ಲಿಸಲಿಲ್ಲ.

“ಒರೆಸಿದ್ಲು ಅಂತ ಹೇಳ್ದಾಗ್ಲೇ ಗೊತ್ತಿತ್ತು. ನಮ್ಮ ಯೂನಿಯಾ ಬೆಳಿಗ್ಗೆ ಯಾವತ್ತು ಒರೆಸಿದಾಳೆ? ಸಂಜೆ ಒರೆಸೋದು ಅವಳ ರೂಢಿ” ಎಂದ. ಮತ್ತೆ ಏಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಅವಳು ಸುಮ್ನಿದ್ಲು, ನಾನೂ ಸುಮ್ನಿದ್ದೆ. ಈಗ ನನಗ್ಯಾಕೆ ಹೇಳ್ತಿದೀಯ ಒಲ್ವೆನಿ? ಬಿದ್ದೋಳು ನಾನಲ್ಲ.”

ಆದ್ದರಿಂದ ಈ ಪತ್ರ.

ನೀನು ಬರದಿದ್ದರೆ ವಿಧವೆಯೂ ಬರುವುದಿಲ್ಲ. ಇಂದು ಬೆಳಿಗ್ಗೆ ಚಿಕ್ಕಪ್ಪನಿಗೆ ಹೇಳಿಬಂದಿದ್ದೇನೆ: ಆ ಶನಿವಾರದ ನಸುಕಿನಲ್ಲಿ ಹೆಂಡತಿ ಬಾರದಿದ್ದರೆ, ಹಿರಿಯರ ಮುಂದೆ ನಿಂತು ನನ್ನನ್ನು ದಾಟಿ ಮೊದಲು ಮನೆ ಹೂಡಲು ಒಯೂಗಿಗೆ ಒಪ್ಪಿಗೆ ಕೊಡುತ್ತೇನೆ. ತಮ್ಮ ದಾಟಿಹೋದ ಅಣ್ಣನಿಗೆ ಮುಂದೆ ಸ್ವಂತ ಅಂಗಳವಿಲ್ಲ. ಅಪ್ಪನ ಹೆಬ್ಬಾಗಿಲ ಬಳಿ ಮೂರು ಹೆಜ್ಜೆ ಜಾಗವಿದೆ. ಅಲ್ಲಿ ನನ್ನನ್ನು ಮಣ್ಣು ಮಾಡುತ್ತಾರೆ. ಚಿಕ್ಕಪ್ಪ, “ಅವಳಿಗೆ ಇದನ್ನ ಹೇಳ್ಬೇಡ. ಹೇಳಿದ್ರೆ ಕನಿಕರಕ್ಕೆ ಬರ್ತಾಳೆ” ಎಂದರು. ಹೇಳಬಾರದೆಂದೇ ಇದ್ದೆ. ಆದರೆ ನಿನ್ನಿಂದ ಏನನ್ನೋ ಮುಚ್ಚಿಟ್ಟು ಇನ್ನೊಂದು ಮನೆ ಕಟ್ಟುವುದು ನನ್ನಿಂದಾಗದು. ಕನಿಕರಕ್ಕೆ ಬರಬೇಡ. ಬರುವುದಾದರೆ ಬಾ, ಬರದಿದ್ದರೆ ನಿನ್ನ ಲೆಕ್ಕ ತಪ್ಪೆಂದು ನಾನು ಯಾರ ಬಳಿಯೂ ಹೇಳುವುದಿಲ್ಲ.

ಉತ್ತರ ಬರೆಯುವ ಅಗತ್ಯವಿಲ್ಲ. ನಸುಕಿನಲ್ಲಿ ದಾರಿಯ ತುದಿಯಲ್ಲಿ ನಿಂತಿರುತ್ತೇನೆ.

ಜಾಶೊನ್ ಒಲ್ವೆನಿ

ತಾ. ಕ.: ರಸ್ತೆಯಿಂದ ಜಮೀನಿಗೆ ಏರುವ ಕಾಲುದಾರಿ ಕಲ್ಲುಮಯ, ನಲವತ್ತೆರಡು ಹೆಜ್ಜೆ. ಆ ದಿನಕ್ಕೆ ಮೊದಲು ಅಂಗಳದೊಳಗೆ ಗೂಟ ಹೊಡೆಯುವಂತಿಲ್ಲ. ಕಾಲುದಾರಿ ಅಂಗಳದ ಹೊರಗಿದೆ. ಅಲ್ಲಿ ಹನ್ನೊಂದು ನೀಲಗಿರಿ ಗಳುಗಳನ್ನು ನೆಟ್ಟು ಕತ್ತಾಳೆಯ ಹಗ್ಗ ಕಟ್ಟಿದ್ದೇನೆ. ತೊಗಟೆ ತೆಗೆದಿಲ್ಲ, ಎತ್ತರವೂ ಒಂದೇ ಸಮವಿಲ್ಲ. ಒಂಬೊಗೊ ನೋಡಿ, ಇದನ್ನು ಕಟ್ಟಿದ್ದು ನೀವೇನಾ ಎಂದು ಎರಡು ಸಲ ಕೇಳಿದ. ಏರುವಾಗ ಮಡಕೆ ನಿನ್ನ ಬಲಗೈಯಲ್ಲಿರುವುದರಿಂದ ಹಗ್ಗವನ್ನು ಎಡಕ್ಕೆ ಕಟ್ಟಿದ್ದೇನೆ. ಮರುದಿನ ಇಳಿಯುವುದಾದರೆ ಅದು ನಿನ್ನ ಬಲಕ್ಕೆ ಬರುತ್ತದೆ. ಆಗ ನಿನ್ನ ಕೈಯಲ್ಲಿ ಬೆಂಕಿ ಇರುವುದಿಲ್ಲ. ನನ್ನ ಇಡೀ ಭಾರ ಹಾಕಿ ಎಳೆದು ನೋಡಿದ್ದೇನೆ, ಎರಡೂ ದಿಕ್ಕಿನಿಂದ.