ಅಜ್ಜಿಯ ವಾರ್ಡಿನ ತೆರೆಯಬಾರದ ಲಕೋಟೆ

ಮಾನ್ಯ ಚುನಾವಣಾಧಿಕಾರಿಗಳೇ,

ಈ ಮೇ ಆರರಂದು ನಡೆದ ನಿಮ್ಮ ಜಿಲ್ಲಾ ಪರಿಷತ್ ಚುನಾವಣೆಗೆ ನಾನು ನೆದರ್ಲೆಂಡ್ಸಿನ ಗ್ರೋನಿಂಗನ್‌ನಿಂದ ಕಳಿಸಿದ್ದ ಅಂಚೆ ಮತವನ್ನು ನೀವು ತಿರಸ್ಕರಿಸಿದ್ದೀರಿ. ನನ್ನ ಜೀವನದ ಮೊದಲ ಮತ ಅದು. ಇರಲಿ, ನನ್ನ ದೂರು ಅದಲ್ಲ. ತಿರಸ್ಕರಿಸಿದ ಸುದ್ದಿಯನ್ನು ನನಗೆ ಕಳಿಸದೆ, ಮತದಾರರ ಪಟ್ಟಿಯಲ್ಲಿದ್ದ ವಿಳಾಸಕ್ಕೆ, ಅಂದರೆ ಇಂಗ್ಲೆಂಡಿನ ಹಳ್ಳಿಯಲ್ಲಿರುವ ನನ್ನ ಅಪ್ಪನ ತಾಯಿಯ ಮನೆಗೆ ಕಳಿಸಿದಿರಲ್ಲ, ಅದು ದೂರು. ಅಜ್ಜಿ ಅದನ್ನು ಒಡೆದು ಓದಿದರು. ಅಜ್ಜಿಯೇ ಆ ಚುನಾವಣೆಯ ಅಭ್ಯರ್ಥಿ. ಈಗ 'ಮೊಮ್ಮಗಳ ಲಕೋಟೆ ತೆರೆದು ಎಣಿಸಿ' ಎಂದು ಅವರು ನಿಮ್ಮ ಬೆನ್ನು ಬಿದ್ದಿದ್ದಾರೆ. ತೆರೆಯಬೇಡಿ ಮಾನ್ಯರೇ. ದಮ್ಮಯ್ಯ, ತೆರೆಯಬೇಡಿ.

ಇದನ್ನು ಕನ್ನಡದಲ್ಲಿ ಬರೆಯಲು ಕಾರಣವಿದೆ: ಇಂಗ್ಲಿಷಿನಲ್ಲಿ ಬರೆದರೆ ಅಜ್ಜಿ ಓದಿಬಿಡುತ್ತಾರೆ. ನಿಮಗೂ ಕನ್ನಡ ಬಾರದು, ಬಲ್ಲೆ. ಆದರೆ 'ಈ ಮಾಹಿತಿ ಬೇರೆ ಭಾಷೆಯಲ್ಲಿ ಬೇಕಿದ್ದರೆ ಕೇಳಿ' ಎಂದು ನಿಮ್ಮ ಜಾಲತಾಣದ ಬುಡದಲ್ಲಿ ಹಾಕಿಕೊಂಡಿರುವವರು ನೀವೇ ತಾನೇ? ಒಬ್ಬ ಅನುವಾದಕರನ್ನು ಹುಡುಕಿಕೊಳ್ಳಿ. ಬಾಯಿ ಭದ್ರವಿರುವವರು ಉತ್ತಮ.

ಅದೇ ಜಾಲತಾಣದಲ್ಲಿ ಜಿಲ್ಲೆಯ ಚುನಾವಣೆಗಳ ಇತಿಹಾಸದ ಪುಟವೊಂದಿದೆ. ಅದನ್ನು ಪೂರ್ತಿ ಓದಿದ ನರಪ್ರಾಣಿ ಬಹುಶಃ ನಾನೊಬ್ಬಳೇ. ಇಲ್ಲಿನ ಯೂನಿವರ್ಸಿಟಿಯಲ್ಲಿ ಮೊದಲ ವರ್ಷದ ಪ್ರಬಂಧಕ್ಕೆ 'ನಿಮ್ಮೂರಿನ ಒಂದು ಚುನಾವಣೆ' ಎಂಬ ವಿಷಯ ಕೊಟ್ಟಿದ್ದರು. ಅಪ್ಪ ಇಂಗ್ಲೆಂಡಿನವರು, ಅಮ್ಮ ದಾವಣಗೆರೆಯವರು, ನಾನು ಬೆಳೆದದ್ದು ಅಲ್ಲಿನ ಹಾಸ್ಟೆಲಿನಲ್ಲಿ. ನನ್ನೂರು ಯಾವುದೆಂದು ಎರಡು ದಿನ ಕಂಗಾಲಾಗಿ, ಕೊನೆಗೆ ಇಲ್ಲಿಗೆ ಬರುವ ಮುಂಚೆ ಒಂದು ವರ್ಷ ಇದ್ದ ಅಜ್ಜಿಯ ಹಳ್ಳಿಯನ್ನು ಆರಿಸಿಕೊಂಡೆ. ಆ ವಾರ್ಡಿನಲ್ಲಿ 1973ರಲ್ಲಿ ಸ್ಪರ್ಧೆ ನಡೆದಿದೆ. 1976ರಿಂದ 2016ರವರೆಗೆ ಹನ್ನೊಂದು ಸಲವೂ ಒಂದೇ ಷರಾ: ಅವಿರೋಧ. ಗೆದ್ದವರು ಏಳು ಸಲ ತಂದೆ, ನಾಲ್ಕು ಸಲ ಅವರ ಮಗ. ಮತಪೆಟ್ಟಿಗೆಯ ದೂಳು ಕೂಡ ಒರೆಸದೆ ನಲವತ್ತು ವರ್ಷ ನಡೆದದ್ದಕ್ಕೂ ಚುನಾವಣೆ ಎಂದೇ ಕರೆಯುತ್ತೀರಾ? ನಮ್ಮ ಕಡೆಯ ಪಂಚಾಯಿತಿಗಳಲ್ಲೂ ಅವಿರೋಧ ಆಯ್ಕೆಯುಂಟು. ಆದರೆ ಹಾಗೆ ಗೆಲ್ಲುವವರು ಊರ ಗುಡಿಗೆ ಸುಣ್ಣಬಣ್ಣವನ್ನಾದರೂ ಮಾಡಿಸಬೇಕು. ನಿಮ್ಮಲ್ಲಿ ಅಷ್ಟೂ ಶ್ರಮವಿಲ್ಲ.

ತಪ್ಪು ನನ್ನದೇ. ವಿಡಿಯೋ ಕರೆಯಲ್ಲಿ ಅಜ್ಜಿಯನ್ನು ಕೇಳಿಬಿಟ್ಟೆ. (ಅವರು ಮಾತಾಡುವುದು ಇಂಗ್ಲಿಷೇ, ನನ್ನ ಕಿವಿಯಲ್ಲಿ ಅದು ಹೇಗೋ ಕನ್ನಡವಾಗಿಬಿಡುತ್ತದೆ.)

"ಗ್ರಾನಿ, ಇಷ್ಟು ವರ್ಷ ಒಬ್ಬರೂ ಎದುರು ನಿಲ್ಲಲೇ ಇಲ್ವಾ?"

"ಯಾರು ನಿಲ್ತಾರೆ ಮಗೂ? ಅವರ ಹತ್ರ ಟ್ರ್ಯಾಕ್ಟರ್ ಇದೆ. ಎಲ್ಲರಿಗೂ ಒಂದಲ್ಲ ಒಂದಿನ ಟ್ರ್ಯಾಕ್ಟರ್ ಬೇಕಾಗತ್ತೆ."

"ನಿಮಗೂ ಬೇಕಾ?"

"ನಂಗ್ಯಾಕೆ? ನನ್ನ ಹತ್ರ ಸೈಕಲ್ ಇದೆ!"

ಮರುವಾರವೇ ನಾಮಪತ್ರ. ವಯಸ್ಸು ಎಪ್ಪತ್ತೆಂಟು. ಹಿಂದಿನ ವರ್ಷ ನಡೆಯಬೇಕಿದ್ದ ಚುನಾವಣೆಯನ್ನು ಕೊರೊನಾ ಮುಂದೂಡಿತ್ತಲ್ಲ, ಅಜ್ಜಿಯ ಪ್ರಕಾರ ಅದು ದೇವರು ಅವರಿಗಾಗಿಯೇ ಕೊಟ್ಟ ಕಾಲಾವಕಾಶ.

ನನಗೆ ಹೆಮ್ಮೆಯಾಗಬೇಕಿತ್ತು. ಆಯಿತು ಕೂಡ, ಸುಮಾರು ಹತ್ತು ನಿಮಿಷ. ಆಮೇಲೆ ಭಯ ಹಿಡಿಯಿತು. ನಾನು ಆ ಮನೆಯಲ್ಲಿದ್ದ ಚಳಿಗಾಲದಲ್ಲೇ ಅಜ್ಜಿ ನ್ಯುಮೋನಿಯಾದಿಂದ ಮೂರು ವಾರ ಆಸ್ಪತ್ರೆಯಲ್ಲಿದ್ದರು. ಅವರ ಉಸಿರಿನ ಸದ್ದು ಗೋಡೆಯಾಚೆಯಿಂದ ಹೇಗೆ ಕೇಳುತ್ತದೆಂದು ನನಗೆ ಗೊತ್ತು. ಪರಿಷತ್ತಿನ ಸಭೆಗಳನ್ನು ಆನ್‌ಲೈನ್ ನಡೆಸಲು ನಿಮ್ಮ ಸರ್ಕಾರ ಕೊಟ್ಟ ಅನುಮತಿ ಮೇ ಏಳಕ್ಕೆ ಮುಗಿಯುತ್ತಿತ್ತು. ಮತದಾನ ಮೇ ಆರಕ್ಕೆ! ಎಂಥ ಮುಹೂರ್ತ! ಗೆದ್ದ ಮರುದಿನದಿಂದ ಅಜ್ಜಿ ನಲವತ್ತು ಜನರ ಜೊತೆ ಒಂದೇ ಸಭಾಂಗಣದಲ್ಲಿ ಕೂರಬೇಕು. ಆನ್‌ಲೈನ್ ತರಗತಿಗೂ ಮಾಸ್ಕ್ ಹಾಕಿಕೊಂಡು ಕೂರಬೇಕೇನೋ ಎಂದು ಚಿಂತಿಸುವ ನಾನು ಇದನ್ನು ತಡೆದುಕೊಳ್ಳುವುದು ಹೇಗೆ?

ಆದ್ದರಿಂದ, ಮಾನ್ಯರೇ, ನಾನು ಟ್ರ್ಯಾಕ್ಟರಿನವರಿಗೆ ಮತ ಹಾಕಿದೆ.

ಲಕೋಟೆಯನ್ನು ಅಂಚೆಪೆಟ್ಟಿಗೆಗೆ ಹಾಕಿ, ಯಾರೋ ಬೆನ್ನಟ್ಟಿದಂತೆ ಸೈಕಲ್ ತುಳಿದು ಕೋಣೆಗೆ ಬಂದೆ. ಆದರೆ ಅಂಚೆ ಮತದ ಅರ್ಜಿಯಲ್ಲಿ ಬರೆದ ಹುಟ್ಟಿದ ದಿನವೂ, ಮತದ ಜೊತೆಗಿನ ಹಾಳೆಯಲ್ಲಿ ಬರೆದ ದಿನವೂ ಒಂದೇ ಆಗಿರಬೇಕು ಎಂಬುದು ನಿಮ್ಮ ನಿಯಮ. ಅದು ಮನೆಯಲ್ಲಿ ಬೆಳೆದವರಿಗೆ ಸುಲಭ. ನಾನು ಹುಟ್ಟಿದ್ದು ಸೆಪ್ಟೆಂಬರ್ ಹದಿನೇಳಕ್ಕೆ. ಶಾಲೆಗೆ ಸೇರಲು ಜೂನ್ ಒಂದಕ್ಕೇ ವಯಸ್ಸು ತುಂಬಿರಬೇಕಿತ್ತು. "ಮೂರು ತಿಂಗಳಿಗೋಸ್ಕರ ಒಂದು ವರ್ಷ ಯಾಕೆ ಹಾಳು ಮಾಡ್ತೀರಿ ತಾಯಿ?" ಎಂದು ಹೆಡ್‌ಮಾಸ್ಟರ್ ಬಸವಂತಪ್ಪನವರು ದಾಖಲೆಯಲ್ಲಿ ಜೂನ್ ಒಂದು ಎಂದೇ ಬರೆದುಕೊಂಡರು. ನಮ್ಮ ಹಾಸ್ಟೆಲಿನಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಇಪ್ಪತ್ತಮೂರು ಮಂದಿ! ಅರ್ಜಿಯನ್ನು ಪಾಸ್‌ಪೋರ್ಟ್ ನೋಡಿಕೊಂಡು ತುಂಬಿದ್ದೆ. ಮತ ಹಾಕುವಾಗ ಪಾಸ್‌ಪೋರ್ಟ್ ನೋಡುವಷ್ಟು ವ್ಯವಧಾನ ಇರಲಿಲ್ಲ. ಹಾಸ್ಟೆಲಿನ ಅಭ್ಯಾಸದ ಕೈ ಜೂನ್ ಒಂದನ್ನೇ ಬರೆಯಿತು.

ಇದೇ ದೇಶದ ಹೂಫ್‌ಡಾರ್ಪ್ ಊರಿನಲ್ಲಿ ಕೆಲಸದಲ್ಲಿರುವ ಅಮ್ಮ, ಮತ ತಿರಸ್ಕೃತವಾದ ಸುದ್ದಿ ತಿಳಿದ ಮೇಲೆ ಫೋನಿನಲ್ಲಿ ಕೇಳಿದಳು: "ಯಾವ ಡೇಟ್ ಹಾಕಿದ್ಯೇ? ಪಾಸ್‌ಪೋರ್ಟಿಂದೋ, ಸ್ಕೂಲಿಂದೋ?"

"ಒಂದ್ರಲ್ಲಿ ಅದು, ಇನ್ನೊಂದ್ರಲ್ಲಿ ಇದು."

"ಭೇಷ್. ಯೂನಿವರ್ಸಿಟಿಗೆ ಕಳಿಸಿದ್ದು ಸಾರ್ಥಕ ಆಯ್ತು."

ಎಣಿಕೆಯಲ್ಲಿ ಇಬ್ಬರಿಗೂ ಇನ್ನೂರಹನ್ನೊಂದು. ಸಮಬಲವಾದರೆ ಚೀಟಿ ಎತ್ತುವುದು ನಿಮ್ಮ ಕಾನೂನು; ನೀವೇ ಡಬ್ಬಿಗೆ ಕೈ ಹಾಕಿ ಎತ್ತಿದಿರಂತೆ. ಅಜ್ಜಿಯ ಹೆಸರು! ನನ್ನ ಮತ ಎಣಿಕೆಗೆ ಬಂದಿದ್ದರೆ ಅವರು ಒಂದರಿಂದ ಸೋತು, ಬೆಚ್ಚಗೆ ಮನೆಯಲ್ಲಿರುತ್ತಿದ್ದರು. ಅರ್ಧ ಶತಮಾನ ಅಲುಗದ ವಾರ್ಡನ್ನು ದಾವಣಗೆರೆಯ ಒಬ್ಬ ಹೆಡ್‌ಮಾಸ್ಟರ್ ಅಲುಗಾಡಿಸಿಬಿಟ್ಟರು. ಫಲಿತಾಂಶ ಕೇಳಿ ನಾನು ಅತ್ತೆ, ನಕ್ಕೆ, ಆಮೇಲೆ ಹಾಸಿಗೆಯ ಮೇಲೆ ನಿಂತು ಕುಣಿದೆ. ನನಗೆ ಏನಾಗಬೇಕಿತ್ತು ಎಂದು ನನಗೇ ತಿಳಿಯದು.

ಊರಲ್ಲಿ ಈಗ ಅವರನ್ನು 'ಚೀಟಿ ಸದಸ್ಯೆ' ಎಂದು ಛೇಡಿಸುತ್ತಾರಂತೆ. ಅಷ್ಟರಲ್ಲಿ ನಿಮ್ಮ ಪತ್ರ ತಲುಪಿತು.

"ನೋಡಿದ್ಯಾ? ನಿನ್ನ ವೋಟು ಸೇರಿದ್ರೆ ಇನ್ನೂರಹನ್ನೆರಡು! ನಾನು ಚೀಟೀಲಿ ಗೆದ್ದವಳಲ್ಲ. ಕೋರ್ಟಿಗಾದ್ರೂ ಹೋಗಿ ತೆಗೆಸ್ತೀನಿ."

"ಬೇಡ ಗ್ರಾನಿ, ಹೋಗ್ಲಿ ಬಿಡಿ."

"ಯಾಕೆ ಬಿಡ್ಲಿ? ನನ್ನ ಮೊಮ್ಮಗಳ ವೋಟು ಕಣೇ ಅದು!"

ನೆಟ್‌ವರ್ಕ್ ಸರಿಯಿಲ್ಲವೆಂದು ಸುಳ್ಳು ಹೇಳಿ ಕರೆ ಕತ್ತರಿಸಿದೆ. ನಿಜ ಹೇಳಬಹುದಿತ್ತು ಎನ್ನುತ್ತೀರಾ? 'ನೀವು ಬದುಕಿರಲಿ ಎಂದು ನಿಮ್ಮನ್ನು ಸೋಲಿಸಲು ಹೊರಟೆ' ಎಂದು ಗೆದ್ದವರಿಗೆ ಹೇಳುವುದು ಹೇಗೆ? ನಿಮ್ಮ ನಿಯಮಾವಳಿಯಲ್ಲಿ ಅದಕ್ಕೇನಾದರೂ ನಮೂನೆಯಿದೆಯೇ?

ತಿರಸ್ಕೃತ ಮತಗಳನ್ನು ಒಂದು ವರ್ಷ ಮುದ್ರೆಯೊತ್ತಿ ಇಟ್ಟು ನಾಶಮಾಡುತ್ತೀರೆಂದು ಓದಿದ್ದೇನೆ. ಹಾಗೆಯೇ ಮಾಡಿ, ಅಜ್ಜಿ ಎಷ್ಟೇ ಗದರಿಸಿದರೂ ನಿಯಮದ ಹಿಂದೆ ಅಡಗಿಕೊಳ್ಳಿ. ಅದು ನಿಮಗೆ ಹೊಸದೇನಲ್ಲ. ಇನ್ನೊಂದು ಬೇಡಿಕೆ: ಈ ಜುಲೈ ಹತ್ತೊಂಬತ್ತರಿಂದ ಅಲ್ಲಿ ಮಾಸ್ಕ್ ಕೂಡ ಕಡ್ಡಾಯವಲ್ಲವಂತೆ. ಸಭಾಂಗಣದಲ್ಲಿ ಅಜ್ಜಿಯ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿ. ಚಳಿ ಎಂದು ಗೊಣಗುವವರು ಸ್ವೆಟರ್ ಹಾಕಿಕೊಳ್ಳಲಿ. ಲಕೋಟೆ ಮುಚ್ಚಿರಲಿ, ಕಿಟಕಿ ತೆರೆದಿರಲಿ.

ಇಂತಿ,
ಅಜ್ಜಿಯನ್ನು ಸೋಲಿಸಲಾಗದ ಮೊಮ್ಮಗಳು
ಗ್ರೋನಿಂಗನ್, ಜುಲೈ 2021