ಬೊಟ್ಟಿನಡಿಯ ಬೋಲ್ಟು

ತಲ್ಲೂರು,
ಆದಿತ್ಯವಾರ, ೧೮-೨-೧೯೬೮

ಪ್ರೀತಿಯ ಇವರಿಗೆ,

ಗಂಡನ ಹೆಸರು ಹಿಡಿದು ಬರೆಯಬಾರದೆಂದು ಅತ್ತೆಯವರ ಅಪ್ಪಣೆ. ಲಕೋಟೆಯ ಮೇಲೆ ‘ರತ್ನಾಕರ ಶೆಟ್ಟಿ’ ಎಂದು ದಪ್ಪಕ್ಷರದಲ್ಲಿ ಬರೆದು ಅದರ ಸೇಡು ತೀರಿಸಿಕೊಳ್ಳುತ್ತೇನೆ. ಆರೋಗ್ಯ ಹೇಗಿದೆ? ಕೆಮ್ಮು ಬಿಟ್ಟಿತೇ, ಇಲ್ಲ ಅದೂ ನಿಮ್ಮ ಹಾಗೆ ಹಟ ಹಿಡಿದು ಬೊಂಬಾಯಿಯಲ್ಲೇ ಕೂತಿದೆಯೇ? ಹೋಟೆಲಿನ ಗಲ್ಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿರಬೇಡಿ, ಗಿರಾಕಿಗಳು ಇಡ್ಲಿ ಹಳಸಿದೆಯೆಂದು ತಿಳಿದಾರು. ಇಲ್ಲಿ ನಾನು, ಅತ್ತೆ, ಎಮ್ಮೆ ಕ್ಷೇಮ. ಮಾವಯ್ಯನ ಬಲಗೈಯೊಂದು ಬಿಟ್ಟು ಉಳಿದ ಮಾವಯ್ಯ ಕ್ಷೇಮ. ಗಾಬರಿಯಾಗಬೇಡಿ, ಕೈ ಇದೆ. ಅದು ಇಲ್ಲದೆ ಹೋಗುವುದರಲ್ಲಿತ್ತು. ಆ ಕತೆ ಹೇಳುವುದಕ್ಕೇ ಈ ಕಾಗದ.

ಮೊನ್ನೆ ಶುಕ್ರವಾರ ಕಪ್ಪೆಯ ಎಂಜಿನ್ನು ಇಳಿಸಿದೆವು. ಹೌದು, ನಿಮ್ಮ ಕಪ್ಪೆಯದೇ! ಸೇತುವೆ ಗುತ್ತಿಗೆದಾರ ಬಿಟ್ಟುಹೋಗಿದ್ದ ಆ ಮಣ್ಣೆತ್ತುವ ಪುಟ್ಟ ಗಾಡಿಯನ್ನು ನೀವು ಹಟ ಮಾಡಿ ಮನೆಗೆ ತಂದಾಗ, ನಿಂತಲ್ಲೇ ಗಿರಕ್ಕನೆ ತಿರುಗುತ್ತದೆಂದು ಊರವರೆಲ್ಲ ಇಟ್ಟ ಹೆಸರು ಅದು. ನಾಲ್ಕು ವರ್ಷ ಗುಡ್ಡೆ ಕೆರೆದು ನಮಗೆ ಗದ್ದೆ ಮಾಡಿಕೊಟ್ಟಿತು. ಕೊನೆಗೆ ಆಚೆ ವರ್ಷ ಆಯುಧಪೂಜೆಯ ಮರುದಿನ ಬೆಳಿಗ್ಗೆ ನಿಮ್ಮ ಕೈಯಲ್ಲೇ ‘ಠಣ್’ ಎಂದು ಬಡಿದುಕೊಂಡು ಮಾವಿನಮರದ ಬುಡದಲ್ಲಿ ನಿಂತಿತು. ಅದರ ಹಿಂದಿನ ದಿನ ನೀವೇ ಅದನ್ನು ಮೀಯಿಸಿ, ಬಿಚ್ಚಿದ ಮುಚ್ಚಳಗಳನ್ನೆಲ್ಲ ಹಪ್ಪಳದ ಹಾಗೆ ಬಿಸಿಲಿಗೆ ಹರವಿದ್ದು, ಮಾವಯ್ಯ ಅದರ ಮೂತಿಗೆ ಕಾಯಿ ಒಡೆದದ್ದು, ಅತ್ತೆ ಬೊಟ್ಟಿಟ್ಟದ್ದು ಎಲ್ಲ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಾವಯ್ಯ ಹತ್ತು ಜನರೆದುರು “ಓಡ್ಸುಕೆ ಬಾರ್ದವ ಕೊಂದ್ ಹಾಕ್ದ” ಅಂದರು. ನೀವು “ನನ್ನ ಕೈಯಿಂದ ಹೋದದ್ದಲ್ಲ ಅಂತ ಗೊತ್ತಾಗುವ ತನಕ ಈ ಅಂಗಳ ಮೆಟ್ಟುವುದಿಲ್ಲ” ಎಂದು ಬಸ್ಸು ಹತ್ತಿದಿರಿ. ಅಪ್ಪ ಮಗ ಇಬ್ಬರೂ ಮಾತು ಉಳಿಸಿಕೊಳ್ಳುವವರು. ಮಧ್ಯದಲ್ಲಿ ಉಳಿದವಳು ನಾನು.

ಹೋದ ವಾರ ಬೈಂದೂರಿನ ಗುಜರಿಯವನೊಬ್ಬ ಬಂದು ಕಪ್ಪೆಯನ್ನು ಸುತ್ತಿ ಸುತ್ತಿ ನೋಡಿ, ಮಾವಯ್ಯನೊಡನೆ ಮಾತಾಡಿ, ಶನಿವಾರ ಒಯ್ಯುತ್ತೇನೆ ಎಂದುಬಿಟ್ಟ. ಅವನು ಸುತ್ತಿಗೆಯಲ್ಲಿ ಜಜ್ಜಿದರೆ ಎಂಜಿನ್ನು ಯಾಕೆ ನಿಂತಿತು ಎಂಬುದೂ ಅದರ ಜೊತೆಗೇ ಜಜ್ಜಿಹೋಗುತ್ತದೆ. ಆಮೇಲೆ ನಿಮ್ಮನ್ನು ಅಂಗಳಕ್ಕೆ ಕರೆತರುವುದು ಯಾವ ಬಾಯಲ್ಲಿ? ಮಾವಯ್ಯನ ಎದುರು ನಿಂತು, ಬ್ರಹ್ಮಾವರದ ವರ್ಕ್‌ಶಾಪಿಗೆ ಒಯ್ದು ಬಿಚ್ಚಿಸಿ ರಿಪೇರಿ ಮಾಡಿಸೋಣ ಎಂದೆ. ಬಾಯಲ್ಲಿದ್ದ ಎಲೆ ಉಗಿದು ಹೇಳಿದರು: “ಶುಕ್ರವಾರ ಬೈಸಾರಿ ಹೊತ್ತ್ ಮುಳ್ಗುದ್ರೊಳ್ಗೆ ಎಂಜಿನ್ ಇಡೀ ಹೊರ್ಗ್ ಬಂದ್ರೆ ಬ್ರಹ್ಮಾವರ. ಬರ್ದಿದ್ರೆ ಬೈಂದೂರ್.” ನಮ್ಮ ಮನೆ ನಡುವೆ, ಬಡಗಣ ಬೈಂದೂರಿಗೆ ಹೋದರೆ ಮಸಣ, ತೆಂಕಣ ಬ್ರಹ್ಮಾವರಕ್ಕೆ ಹೋದರೆ ಆಸ್ಪತ್ರೆ. ದಿಕ್ಕುಗಳ ಬಗ್ಗೆ ನಾನು ಇಷ್ಟು ಯೋಚಿಸಿದ್ದು ಬಿ.ಎ. ಓದುವಾಗಲೂ ಇಲ್ಲ.

ಬ್ರಹ್ಮಾವರದಿಂದ ಮೆಕ್ಯಾನಿಕ್ ಪ್ರೇಮಾನಂದ ಬಂದ. ಮರದ ಅಡ್ಡಕೊಂಬೆಗೆ ರಾಟೆ ಕಟ್ಟಿ ಎಳೆಯಲು ಕೋಡಿಯಿಂದ ದೋಣಿಯವ ಪಾಂಡು ತನ್ನ ಜನ ಕಟ್ಟಿಕೊಂಡು, ದೋಣಿ ಎಳೆಯುವ ಹುರಿಹಗ್ಗದ ಸಮೇತ ಬಂದ. ಪ್ರೇಮಾನಂದ ಡೀಸೆಲ್ ಬಸಿದ, ನೀರಿನ ಪೈಪು, ಎಣ್ಣೆಯ ಪೈಪು ಕಳಚಿದ, ಎಂಜಿನ್ನನ್ನು ಗಾಡಿಯ ಕಬ್ಬಿಣದ ಚೌಕಟ್ಟಿಗೆ, ಅಂದರೆ ಚಾಸಿಗೆ, ಬಿಗಿದಿದ್ದ ಬೋಲ್ಟುಗಳನ್ನು ಸೀಮೆಎಣ್ಣೆ ಕುಡಿಸಿ ಕುಡಿಸಿ ಬಿಚ್ಚಿದ. ಹಿಂದಿನ ಎಡಮೂಲೆಗೆ ಬಂದಾಗ ಮಾತ್ರ ಅತ್ತೆ ಜಗಲಿಯಿಂದಲೇ ಕೂಗಿದರು: “ಹ್ವಾಯ್, ಅಲ್ಲಿ ಮುಟ್ಬ್ಯಾಡ! ಅದ್ ಪೂಜಿ ಬೊಟ್ಟ್. ಅದ್ಕ್ ಸ್ಪ್ಯಾನರ್ ತಾಗ್ಸುಕಾಗ.” ನೀವು ಹೋದ ಮೇಲೂ ಅತ್ತೆ ಪೂಜೆ ತಪ್ಪಿಸಿಲ್ಲ. ಅರಸಿನ, ಕುಂಕುಮ, ಗಂಧ, ಎಣ್ಣೆ, ಧೂಳು ವರ್ಷ ವರ್ಷವೂ ಒಂದರ ಮೇಲೊಂದು ಕೂತು ಅಲ್ಲಿ ಅಪ್ಪದಷ್ಟು ದಪ್ಪದ ಕೆಂಪು ಗಟ್ಟಿ. ಪ್ರೇಮಾನಂದ ಅದನ್ನು ನೋಡಿ ಕೈಮುಗಿದು, ಆ ಮೂಲೆಯಲ್ಲಿ ಬೋಲ್ಟೇ ಇಲ್ಲ, ಎಂಜಿನ್ನು ಸುಮ್ಮನೆ ಆನಿಕೊಂಡಿದೆ ಎಂದು ತೀರ್ಮಾನಿಸಿದ. ಮೂರು ಕಾಲಿನ ಕಪ್ಪೆ! ನನಗೂ ಅನುಮಾನ ಬರಲಿಲ್ಲ ನೋಡಿ.

ಪಾಂಡು “ಹೈಲೇಸಾ” ಎಂದ. ಹಗ್ಗ ಬಿಗಿಯಿತು. ಎಂಜಿನ್ನು ಒಂದು ಬದಿಗೆ ಚೂರು ಎದ್ದಿತು. ಎದ್ದದ್ದೇ ಇಡೀ ಕಪ್ಪೆಯ ಹಿಂಗಾಲು ನೆಲ ಬಿಟ್ಟಿತು. ಕೊಂಬೆ ನರಳಿತು. “ಎಂತದೋ ಹಿಡ್ಕಂಡಿತ್ ಮರ್ರೆ” ಎಂದು ಪಾಂಡು ಹೇಳಿ ಮುಗಿಸುವುದರೊಳಗೆ ಮಾವಯ್ಯ, ನಿಮಗೆ ಅವರ ಸ್ವಭಾವ ಗೊತ್ತಲ್ಲ, ಅಂಗಿ ತೋಳು ಮಡಚಿ ಎಂಜಿನ್ನಿಗೂ ಚಾಸಿಗೂ ನಡುವೆ ಮೊಣಕೈವರೆಗೆ ತೂರಿಸಿ ತಡಕಾಡತೊಡಗಿದರು. ಎಂಜಿನ್ನು ನಿಮಗೆ ಕೈಕೊಟ್ಟಿತ್ತು; ಮಾವಯ್ಯ ಎಂಜಿನ್ನಿಗೇ ಕೈ ಕೊಟ್ಟರು. ಅಷ್ಟರಲ್ಲಿ ಗಾಡಿ ಒಮ್ಮೆ ಮಗ್ಗುಲಿಗೆ ಹೊರಳಿತು, ಎಂಜಿನ್ನು ವಾಲಿ ಅವರ ಮುಂಗೈಯನ್ನು ಕಚ್ಚಿ ಹಿಡಿಯಿತು.

ಅವರ ಮುಖ ಸುಣ್ಣದ ಗೋಡೆಯಾಯಿತು. ಎಳೆದರೆ ಎಂಜಿನ್ನು ಇನ್ನಷ್ಟು ವಾಲಿ ಕೈ ಅರೆಯುತ್ತದೆ, ಬಿಟ್ಟರೆ ಇಡೀ ಭಾರ ಕೈಮೇಲೇ ಕೂರುತ್ತದೆ. ಪಾಂಡು ತನ್ನವರಿಗೆ “ಉಸ್ರ್ ಬಿಡ್ಬೇಡಿ, ಹಗ್ಗ ಬಿಡ್ಬೇಡಿ, ನಾ ಹೇಳೂವರಿಗೆ ಮಿಸ್ಕಾಡ್ಬೇಡಿ” ಎಂದ. ಹುರಿಹಗ್ಗ ಅವರ ಅಂಗೈಯಲ್ಲಿ ಕಿರಕಿರ ಎನ್ನುವುದು ನನಗೆ ಕೇಳುತ್ತಿತ್ತು. ಪ್ರೇಮಾನಂದ ಗಾಡಿಯ ಸುತ್ತ ಓಡುತ್ತ, ಎಲ್ಲ ಬಿಚ್ಚಿದ್ದೇನೆ, ಎಲ್ಲ ಬಿಚ್ಚಿದ್ದೇನೆ ಎಂದು ಜಪ ಮಾಡುತ್ತಿದ್ದ. ನಾನು ಮಾವಯ್ಯನ ಭುಜ ಹಿಡಿದು ನಿಂತೆ. ತಮಾಷೆ ಮಾಡಲು ಒಂದು ಮಾತೂ ಸಿಗದ ಗಳಿಗೆ ಅದೊಂದೇ ಇರಬೇಕು ನನ್ನ ಜನ್ಮದಲ್ಲಿ.

ಆಗ ಅತ್ತೆ ಜಗಲಿಯಿಂದ ಇಳಿದು ಬಂದರು. ಕೆಂಪು ಗಟ್ಟಿಯನ್ನೇ ನೋಡುತ್ತ ನಿಂತು, ಯಾರಿಗೆಂದಿಲ್ಲದೆ ಹೇಳಿದರು: “ಮೊದ್ಲಿನ್ ಸಲ ಬೊಟ್ಟಿಡುಕೆ ಜಾಗ ಹುಡ್ಕ್‌ವತಿಗೆ ಇಲ್ಲೊಂದ್ ಉರೂಟ್ ಕಬ್ಣದ್ ಉಬ್ಬ್ ಇತ್ತ್. ಹಣಿ ಕಂಡಂಗೇ ಇತ್ತ್. ಅದ್ಕೇ ಇಲ್ಲ್ ಇಟ್ಟದ್.” ಅವರು ಕುಂಕುಮ ಇಡುತ್ತಿದ್ದದ್ದು ಬೋಲ್ಟಿನ ತಲೆಗೆ! ಪ್ರೇಮಾನಂದ ಸ್ಪ್ಯಾನರ್ ಎತ್ತಿದ, ಆದರೆ ಅತ್ತೆಯ ಮುಖ ನೋಡಿ ಕೈ ಇಳಿಸಿದ. ಅತ್ತೆ ಬಗ್ಗಿ, ಬೊಟ್ಟು ಮುಟ್ಟಿದ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಸೊಂಟದ ಬೀಗದಕೈಯಿಂದ ತಾವೇ ಕೆರೆಯತೊಡಗಿದರು. ತಾವಿಟ್ಟ ಬೊಟ್ಟನ್ನು ತಾವೇ, ಗಂಡನ ಎದುರು. ಕೆಂಪು ಹಕ್ಕಳೆಗಳು ಮಾವಯ್ಯನ ತೋಳಿನ ಮೇಲೆ ಉದುರಿದವು. ಕುಂಕುಮ ಯಾವುದು, ರಕ್ತ ಯಾವುದು ಎಂದು ನನಗೆ ಗೊತ್ತಾಗಲಿಲ್ಲ. ಕೊನೆಗೆ ಕಬ್ಬಿಣ ಹೊಳೆಯಿತು.

ಬೋಲ್ಟು ಬಿಟ್ಟೊಡನೆ ಎಂಜಿನ್ನು ಜಿಗಿದು ತೂಗುತ್ತದೆ ಎಂದು ಪಾಂಡು ಮೊದಲೇ ಕಂಡ. ಎರಡನೇ ಹಗ್ಗವೊಂದನ್ನು ಅದರ ಕುತ್ತಿಗೆಗೆ ಹಾಕಿ ಬೇಲಿಯ ಕಡೆಗೆ ಎಳೆದು ಹಿಡಿಸಿದ. ಪ್ರೇಮಾನಂದ ತಿರುಗಿಸಿದ. ಬೋಲ್ಟು ಕೀರಲಿಟ್ಟಿತು, ನಿಂತಿತು, ಮತ್ತೆ ತಿರುಗಿತು. “ಹೈಲೇಸಾ” ಎಂದು ಪಾಂಡು ಕೂಗಿದ. ಕಪ್ಪೆ ದಡಕ್ಕನೆ ನೆಲಕ್ಕೆ ಕೂತಿತು, ಎಂಜಿನ್ನು ಗಾಳಿಗೆದ್ದು ತೂಗಿ, ಎರಡನೇ ಹಗ್ಗಕ್ಕೆ ಜಗ್ಗಿ ನಿಂತಿತು. ನಾನೂ ಮಾವಯ್ಯನೂ ಹಿಂದಕ್ಕೆ, ಒಬ್ಬರ ಮೇಲೊಬ್ಬರು, ತರಗೆಲೆಯ ಮೇಲೆ. ಕೈ ಹೊರಗಿತ್ತು. ಚರ್ಮ ಸುಲಿದಿತ್ತು, ಮುಂಗೈ ಬದನೆಕಾಯಿಯಂತೆ ಊದಿತ್ತು, ಆದರೆ ಐದೂ ಬೆರಳು ಆಡಿದವು. ಅತ್ತೆ ಮೊದಲು ಆ ಬೆರಳುಗಳನ್ನು ಎಣಿಸಿದರು, ಆಮೇಲೆ ಬೈದರು. ಬೈಗುಳ ಇಲ್ಲಿ ಬರೆಯುವುದಿಲ್ಲ, ಟಪ್ಪಾಲಿನ ತೂಕ ಹೆಚ್ಚಾದೀತು.

ಹೊತ್ತು ಮುಳುಗಲು ಇನ್ನೂ ಮಾರುದ್ದ ಇತ್ತು. ಎಂಜಿನ್ನು ಇಡಿಯಾಗಿ ಗೋಣಿಯ ಮೇಲೆ ಕೂತಿತ್ತು. ಮಾವಯ್ಯ ಎಡಗೈಯಿಂದ ದಕ್ಷಿಣಕ್ಕೆ ತೋರಿಸಿ “ಬ್ರಹ್ಮಾವರ” ಎಂದರು. ಅಷ್ಟೇ. ಗುಜರಿಯವ ಮರುದಿನ ಬಂದು ಹೊಟ್ಟೆಯಿಲ್ಲದ ಕಪ್ಪೆ ಕಂಡು ನಮ್ಮನ್ನು ಶಪಿಸುತ್ತ ಹೋದ.

ಬಿಚ್ಚಿ ನೋಡಿ ತಿಳಿಸುತ್ತೇನೆಂದು ಪ್ರೇಮಾನಂದ ಹೇಳಿದ್ದಾನೆ. ಏನು ಬರುವುದೋ ಎಂದು ನನಗೆ ಅನ್ನ ಸೇರುತ್ತಿಲ್ಲ. ನಿಮ್ಮ ಕೈಯ ತಪ್ಪೇ ಎಂದು ಬಂದರೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ. ಅತ್ತೆಯ ಆಶೀರ್ವಾದ ಈ ಕಾಗದದ ಜೊತೆಗಿದೆ. ಮಾವಯ್ಯ ಏನೂ ಹೇಳಿ ಕಳಿಸಿಲ್ಲ, ಆದರೆ ಬರೆಯುವುದನ್ನು ಎರಡು ಸಲ ಬಂದು ನೋಡಿ ಹೋದರು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮವಳೇ ಆದ,
ಹರಿಣಾಕ್ಷಿ

ತಾ.ಕ.: ಸೋಮವಾರ ಬೆಳಿಗ್ಗೆ. ಟಪ್ಪಾಲಿನವನು ತೋಡಿನಾಚೆ ಬಂದಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮೊದಲ ಬಸ್ಸಿಗೆ ಪ್ರೇಮಾನಂದ ಬಂದಿದ್ದ. ವಾಲ್ವು ಬಾಗಿದೆಯಂತೆ, ಹೊಸದು ಹಾಕಿದರೆ ಎಂಜಿನ್ನು ಓಡುತ್ತದಂತೆ. ಗಾಳಿ ಹೋಗುವ ದಾರಿಯಲ್ಲಿ, ವಾಲ್ವಿನ ಬಾಯಲ್ಲಿ ಸಿಕ್ಕಿಕೊಂಡಿದ್ದ ವಸ್ತುವನ್ನು ಕಾಗದದಲ್ಲಿ ಸುತ್ತಿ ತಂದಿದ್ದ. ಬೆರಳುಗುರಿನಷ್ಟು, ಕರಟದ ಚೂರು. ಪೂಜೆಯ ದಿನ ಮುಚ್ಚಳ ಬಿಸಿಲಲ್ಲಿತ್ತು, ಗಾಳಿಯ ಕೊಳವೆ ಬಾಯಿ ತೆರೆದಿತ್ತು. ಮಾವಯ್ಯ ಅದನ್ನು ಊದಿದ ಕೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ಮಾವಿನಮರದ ಬುಡದಲ್ಲಿ ನಿಂತಿದ್ದರು. ಈಗ ಬಂದು ಕೇಳಿದರು: “ಹೆಣ್ಣೇ, ಕಾಗ್ದ ಅಂಟ್ಸಿ ಆಯ್ತಾ?” ಇಲ್ಲ ಎಂದೆ. “ಹಂಗಾರೆ ಬರಿ. ಕಾಯಿ ಒಡ್ದದ್ ನಾನ್ ಅಂದೇಳಿ ಬರಿ.”

ಚೂರು ಇದರೊಳಗಿದೆ. ಅಂಗಳ ಗುಡಿಸಿದ್ದೇನೆ.